ನಡುಗದ್ದೆಯಲ್ಲಿ ನಿಂತ ಎಂಜಿನ್: ತೋಟದ ಡೀಸೆಲ್ ಟ್ರ್ಯಾಕ್ಟರಿನ ಇಂಧನ ದೋಷ ಪತ್ತೆ ಹೇಗೆ?

ಹುಂಚ ಎಂದೊಡನೆ ನಾಡಿನ ಬಹುತೇಕ ಜನರಿಗೆ ನೆನಪಾಗುವುದು ಪದ್ಮಾವತಿ ಅಮ್ಮನವರ ಕ್ಷೇತ್ರ, ಸಾಂತರ ಅರಸರ ರಾಜಧಾನಿ ಮತ್ತು 1077ರಲ್ಲಿ ಚಟ್ಟಲದೇವಿ ಕಟ್ಟಿಸಿದ ಪಂಚಕೂಟ ಬಸದಿ. ಆದರೆ ಬಸದಿಯ ಆವರಣ ದಾಟಿ ಹೊರಬಂದರೆ ಕಾಣುವುದು ಅಪ್ಪಟ ಮಲೆನಾಡು. ಕಣಿವೆಯಲ್ಲಿ ಅಡಿಕೆ ತೋಟ, ಅದರಾಚೆ ಭತ್ತದ ಗದ್ದೆ, ಮೇಲೆ ಸೊಪ್ಪಿನ ಬೆಟ್ಟ. ಹೊಸನಗರ, ಸಾಗರ, ತೀರ್ಥಹಳ್ಳಿ ಈ ಮೂರೂ ತಾಲ್ಲೂಕುಗಳ ಚಿತ್ರ ಹೆಚ್ಚುಕಡಿಮೆ ಇದೇ. ಎತ್ತು ಕಟ್ಟುವ ಮನೆಗಳು ವಿರಳವಾಗಿರುವ ಈ ಸೀಮೆಯಲ್ಲಿ ಉಳುಮೆ, ಗೊಬ್ಬರ ಸಾಗಣೆ, ಅಡಿಕೆ ಗೊನೆ ಹೊರುವ ಕೆಲಸ, ಔಷಧಿ ಸಿಂಪಡಣೆ ಎಲ್ಲದಕ್ಕೂ ಆಧಾರವಾಗಿರುವುದು ಪುಟ್ಟ ಡೀಸೆಲ್ ಎಂಜಿನ್‌ಗಳು.

ಇಂಥ ಎಂಜಿನ್ ಕೈಕೊಡುವುದು ಸಾಮಾನ್ಯವಾಗಿ ಅತ್ಯಂತ ಅಗತ್ಯವಿರುವ ದಿನವೇ. ಬೇಸಿಗೆಯಿಡೀ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿದ್ದ ಯಂತ್ರವನ್ನು ಮೃಗಶಿರಾ ಮಳೆ ಹಿಡಿದ ಮೇಲೆ ಗದ್ದೆಗೆ ಇಳಿಸುತ್ತಾರೆ. ಎರಡು ಸುತ್ತು ಹೊಡೆಯುವಷ್ಟರಲ್ಲಿ ಅದು ಉಸಿರು ಕಟ್ಟಿದಂತೆ ಏದುಸಿರು ಬಿಟ್ಟು ನಿಂತುಬಿಡುತ್ತದೆ. ಸಸಿಮಡಿ ಬಲಿಯುತ್ತಿರುತ್ತದೆ, ನಾಟಿಗೆ ಗೊತ್ತುಮಾಡಿದ ಆಳುಗಳು ಮರುದಿನ ಬೇರೆ ಮನೆಗೆ ಹೋಗುವವರಿರುತ್ತಾರೆ. ಮೆಕ್ಯಾನಿಕ್ ಬರಬೇಕಾದದ್ದು ಪೇಟೆಯಿಂದ. ಶಿವಮೊಗ್ಗವಾದರೆ ಐವತ್ತು-ಅರವತ್ತು ಕಿಲೋಮೀಟರ್ ದೂರ. ಹಂಗಾಮಿನಲ್ಲಿ ಆತನಿಗೂ ಹತ್ತು ಕಡೆಯಿಂದ ಕರೆ. ಹೀಗೆ ಕಳೆದುಹೋಗುವ ಮೂರು-ನಾಲ್ಕು ದಿನಗಳ ಬೆಲೆ ದುರಸ್ತಿಯ ಖರ್ಚಿಗಿಂತ ಎಷ್ಟೋ ಹೆಚ್ಚು.

ಸಮಾಧಾನದ ಸಂಗತಿಯೆಂದರೆ, ಹೀಗೆ ನಿಲ್ಲುವ ಎಂಜಿನ್‌ಗಳಲ್ಲಿ ಹಲವು ಕೆಟ್ಟಿರುವುದಿಲ್ಲ. ಅವಕ್ಕೆ ಇಂಧನ ತಲುಪಿರುವುದಿಲ್ಲ, ಅಷ್ಟೆ. ಕಾರಣ ಟ್ಯಾಂಕಿನ ತಳದ ನೀರು, ಕಟ್ಟಿಕೊಂಡ ಫಿಲ್ಟರ್ ಅಥವಾ ಕೊಳವೆಯೊಳಗೆ ಸೇರಿದ ಗಾಳಿ ಆಗಿರಬಹುದು. ಎರಡು ಸ್ಪ್ಯಾನರ್, ಒಂದು ಗಾಜಿನ ಬಾಟಲಿ ಮತ್ತು ಅರ್ಧ ಗಂಟೆಯ ತಾಳ್ಮೆ ಇದ್ದರೆ ಇವನ್ನು ಮನೆಯವರೇ ಪತ್ತೆಹಚ್ಚಿ ಸರಿಪಡಿಸಬಹುದು. ನಗರದಲ್ಲಿದ್ದುಕೊಂಡು ಊರಿನ ತೋಟ ನೋಡಿಕೊಳ್ಳುವವರಿಗೆ, ವಾರಾಂತ್ಯಕ್ಕೆ ಮಾತ್ರ ಯಂತ್ರ ಹೊರತೆಗೆಯುವವರಿಗೆ ಈ ತಿಳಿವಳಿಕೆ ಇನ್ನೂ ಹೆಚ್ಚು ಉಪಯುಕ್ತ. ತಿಂಗಳುಗಟ್ಟಲೆ ನಿಲ್ಲುವ ಎಂಜಿನ್‌ನಲ್ಲೇ ಇಂಧನದ ತೊಂದರೆ ಹೆಚ್ಚು.

ಯಾವ ಯಂತ್ರಗಳು?

ತೋಟದ ಟ್ರ್ಯಾಕ್ಟರ್ ಎಂದು ಇಲ್ಲಿ ಕರೆದಿರುವುದು ಎರಡು ಬಗೆಯ ಯಂತ್ರಗಳನ್ನು. ಮೊದಲನೆಯದು ಎರಡು ಗಾಲಿಯ ಪವರ್ ಟಿಲ್ಲರ್. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿ.ಎಸ್.ಟಿ. ಟಿಲ್ಲರ್ಸ್ ಟ್ರ್ಯಾಕ್ಟರ್ಸ್ ಸಂಸ್ಥೆ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ಇವನ್ನು ತಯಾರಿಸತೊಡಗಿತು. ಕೇರಳ ಸರ್ಕಾರದ ಉದ್ಯಮವಾದ ಕ್ಯಾಮ್ಕೊ 1973ರಲ್ಲಿ ಸ್ಥಾಪನೆಯಾಗಿ ಕುಬೋಟಾ ಮಾದರಿಯ ಟಿಲ್ಲರ್‌ಗಳನ್ನು ತಂದಿತು. ಮಲೆನಾಡಿನ ಗದ್ದೆಗಳಲ್ಲಿ ಸದ್ದು ಮಾಡುವ, 12ರಿಂದ 13 ಅಶ್ವಶಕ್ತಿಯ, ಒಂದೇ ಸಿಲಿಂಡರಿನ, ನೀರಿನಿಂದ ತಂಪಾಗುವ ಎಂಜಿನ್‌ಗಳು ಈ ಎರಡು ವಂಶದವೇ ಹೆಚ್ಚು.

ಎರಡನೆಯದು ನಾಲ್ಕು ಗಾಲಿಯ ಮಿನಿ ಟ್ರ್ಯಾಕ್ಟರ್. ಅಡಿಕೆ ಮರಗಳ ಸಾಲಿನ ನಡುವೆ ಹಾದುಹೋಗುವಷ್ಟು ಕಿರಿದಾದ, ಸುಮಾರು 15ರಿಂದ 25 ಅಶ್ವಶಕ್ತಿಯ, ಒಂದರಿಂದ ಮೂರು ಸಿಲಿಂಡರ್ ಇರುವ ಯಂತ್ರಗಳಿವು.

ಇವುಗಳಲ್ಲಿ ಬಹುತೇಕ ಯಂತ್ರಗಳಿಗೆ ಇಂಧನ ಒದಗಿಸುವುದು ಯಾಂತ್ರಿಕ ಪಂಪ್. ಈ ಲೇಖನ ಅಂಥ ಎಂಜಿನ್‌ಗಳಿಗೆ ಮಾತ್ರ ಅನ್ವಯ. 50 ಅಶ್ವಶಕ್ತಿಗಿಂತ ಹೆಚ್ಚಿನ ಹೊಸ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿ 1ರಿಂದ ಟ್ರೆಮ್-4 ಮಾಲಿನ್ಯ ನಿಯಮ ಜಾರಿಗೆ ಬಂದ ಮೇಲೆ ಅವುಗಳಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣದ ಕಾಮನ್ ರೈಲ್ ವ್ಯವಸ್ಥೆ ಬಂದಿದೆ. ಅದರ ಒತ್ತಡ ಹಲವು ಪಟ್ಟು ಹೆಚ್ಚು. ಅಂಥ ಎಂಜಿನ್‌ನ ಕೊಳವೆಗಳನ್ನು ಮನೆಯಲ್ಲಿ ಬಿಚ್ಚಲು ಹೋಗಲೇಬಾರದು.

ಟ್ಯಾಂಕಿನಿಂದ ನಾಝಲ್‌ವರೆಗೆ

ದೋಷ ಹುಡುಕುವ ಮೊದಲು ಡೀಸೆಲ್ ಸಾಗುವ ದಾರಿ ತಿಳಿದಿರಬೇಕು. ಪೆಟ್ರೋಲ್ ಎಂಜಿನ್‌ನಲ್ಲಿರುವಂತೆ ಕಿಡಿ ಹಾರಿಸುವ ಪ್ಲಗ್ ಡೀಸೆಲ್ ಎಂಜಿನ್‌ಗೆ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಸುಮಾರು ಇಪ್ಪತ್ತನೆಯ ಒಂದು ಭಾಗಕ್ಕೆ ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಬಿಸಿಯಾಗುತ್ತದೆ. ಆ ಬಿಸಿ ಗಾಳಿಯೊಳಕ್ಕೆ ಡೀಸೆಲ್ಲನ್ನು ಮಂಜಿನಂತೆ ಸಿಂಪಡಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1890ರ ದಶಕದಲ್ಲಿ ರೂಪಿಸಿದ ಈ ತತ್ತ್ವ ಇಂದಿಗೂ ಬದಲಾಗಿಲ್ಲ.

ಇಂಧನದ ದಾರಿ ಹೀಗಿದೆ: ಟ್ಯಾಂಕು, ಅದರ ತಳದ ಜಾಲರಿ, ನಲ್ಲಿಯಂತಿರುವ ಕಾಕ್, ರಬ್ಬರ್ ಕೊಳವೆ, ಫಿಲ್ಟರ್, ಇಂಜೆಕ್ಷನ್ ಪಂಪ್, ಉಕ್ಕಿನ ಸಣ್ಣ ಪೈಪು, ಕೊನೆಗೆ ನಾಝಲ್. ಟಿಲ್ಲರ್‌ಗಳಲ್ಲಿ ಟ್ಯಾಂಕು ಎಂಜಿನ್‌ಗಿಂತ ಎತ್ತರದಲ್ಲಿದ್ದು, ಡೀಸೆಲ್ ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ಕೆಲವು ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಫಿಲ್ಟರಿಗೆ ಇಂಧನ ತಳ್ಳಲು ಪ್ರತ್ಯೇಕವಾದ ಫೀಡ್ ಪಂಪ್ ಇರುತ್ತದೆ. ನಾಝಲ್‌ನಲ್ಲಿ ಮಿಕ್ಕಿದ ಡೀಸೆಲ್ ಇನ್ನೊಂದು ತೆಳು ಕೊಳವೆಯ ಮೂಲಕ ಟ್ಯಾಂಕಿಗೆ ಮರಳುತ್ತದೆ.

ಈ ದಾರಿಯಲ್ಲಿ ಎರಡು ಸೀಮೆಗಳಿವೆಯೆಂದು ತಿಳಿಯಬೇಕು. ಟ್ಯಾಂಕಿನಿಂದ ಇಂಜೆಕ್ಷನ್ ಪಂಪಿನ ಬಾಗಿಲವರೆಗೆ ಒತ್ತಡ ತೀರಾ ಕಡಿಮೆ. ಇಲ್ಲಿಯ ಕೆಲಸ ಯಾರಾದರೂ ಮಾಡಬಹುದಾದದ್ದು. ಪಂಪಿನಿಂದ ನಾಝಲ್‌ವರೆಗೆ ಒತ್ತಡ ವಾಯುಮಂಡಲದ ನೂರರಿಂದ ಇನ್ನೂರು ಪಟ್ಟು, ಕೆಲವೊಮ್ಮೆ ಅದಕ್ಕೂ ಮೀರಿ ಇರುತ್ತದೆ. ಪಂಪಿನೊಳಗಿನ ಪ್ಲಂಜರ್ ಮತ್ತು ಅದರ ಕವಚದ ನಡುವಿನ ಸಂದು ಕೆಲವೇ ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂಬುದನ್ನು ನೆನೆದರೆ ಇಲ್ಲಿ ಒಂದು ಮಣ್ಣಿನ ಕಣ ಎಷ್ಟು ಹಾನಿ ಮಾಡಬಲ್ಲದೆಂಬುದು ಅರಿವಾಗುತ್ತದೆ. ಈ ಭಾಗಗಳಿಗೆ ಎರೆಯೆಣ್ಣೆ ಪ್ರತ್ಯೇಕವಾಗಿಲ್ಲ; ಡೀಸೆಲ್ಲೇ ಜಾರುಗುಣ ಕೊಡಬೇಕು. ಡೀಸೆಲ್ ಜಾಗದಲ್ಲಿ ನೀರು ಬಂದರೆ ಪ್ಲಂಜರ್ ಉಜ್ಜಿ ಸವೆಯುತ್ತದೆ, ತುಕ್ಕು ಹಿಡಿದು ಬಿಗಿದುಕೊಳ್ಳುತ್ತದೆ.

ಮಲೆನಾಡಿನ ಮುಖ್ಯ ವೈರಿ ನೀರು

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಹೊಸನಗರ ತಾಲ್ಲೂಕಿನ ಘಟ್ಟದಂಚಿನ ಹಳ್ಳಿಗಳೂ ಹಿಂದೆ ಬಿದ್ದಿಲ್ಲ. ಹುಂಚ ಘಟ್ಟದಂಚಿನಿಂದ ಒಳಗಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ತುಂಬಿರುತ್ತದೆ. ಬಟ್ಟೆ ಒಣಗದ, ಉಪ್ಪು ನೀರಾಗುವ ಈ ಹವೆಯಲ್ಲಿ ಡೀಸೆಲ್ ಟ್ಯಾಂಕು ಮಾತ್ರ ಒಣಗಿರುತ್ತದೆ ಎಂದುಕೊಳ್ಳುವಂತಿಲ್ಲ.

ಅರ್ಧ ಖಾಲಿಯಿರುವ ಟ್ಯಾಂಕು ಹಗಲು ಬಿಸಿಯಾಗಿ ಒಳಗಿನ ಗಾಳಿಯನ್ನು ಹೊರಹಾಕುತ್ತದೆ. ರಾತ್ರಿ ತಣ್ಣಗಾದಾಗ ಹೊರಗಿನ ತೇವದ ಗಾಳಿಯನ್ನು ಒಳಗೆಳೆಯುತ್ತದೆ. ಆ ತೇವ ತಗಡಿನ ಒಳಮೈಗೆ ಹನಿಗಟ್ಟಿ ಕೆಳಗಿಳಿಯುತ್ತದೆ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ, ಡೀಸೆಲ್‌ನದು ಸುಮಾರು 830 ಗ್ರಾಂ. ಆದ್ದರಿಂದ ನೀರು ಯಾವಾಗಲೂ ತಳ ಸೇರುತ್ತದೆ, ಎಂಜಿನ್‌ಗೆ ಹೋಗುವ ಕಂಡಿಯೂ ಇರುವುದು ತಳದಲ್ಲೇ. ದಿನಕ್ಕೆ ಕೆಲವೇ ಹನಿಯಾದರೂ ಮೂರು ತಿಂಗಳಲ್ಲಿ ಎಂಜಿನ್ ನಿಲ್ಲಿಸುವಷ್ಟು ನೀರು ಸೇರಬಹುದು. ಮುಚ್ಚಳದ ವಾಷರ್ ಹರಿದಿದ್ದರೆ, ಮಳೆಯಲ್ಲಿಯೇ ಕ್ಯಾನಿನಿಂದ ಸುರಿದರೆ ಇನ್ನೂ ಬೇಗ.

ನೀರಿನ ಜೊತೆ ಬರುವ ಇನ್ನೊಂದು ಅತಿಥಿ ಶಿಲೀಂಧ್ರ. ನೀರು ಮತ್ತು ಡೀಸೆಲ್ ಕೂಡುವ ಗೆರೆಯಲ್ಲಿ ಡೀಸೆಲ್ಲನ್ನೇ ಆಹಾರ ಮಾಡಿಕೊಂಡು ಬೆಳೆಯುವ ಸೂಕ್ಷ್ಮಜೀವಿಗಳಿವೆ. ಸೀಮೆಎಣ್ಣೆಯ ಬೂಷ್ಟು ಎಂದು ತಜ್ಞರು ಗುರುತಿಸಿರುವ ಹಾರ್ಮೋಕೋನಿಸ್ ರೆಸಿನೆ ಇವುಗಳಲ್ಲಿ ಪ್ರಸಿದ್ಧ. ಟ್ಯಾಂಕಿನ ತಳದಲ್ಲಿ ಕಪ್ಪು ಅಥವಾ ಕಂದು ಬಣ್ಣದ ಲೋಳೆ, ಫಿಲ್ಟರಿಗೆ ಮೆತ್ತಿದ ಜಿಗುಟು ಕಂಡರೆ ಇದರದೇ ಕೆಲಸವೆಂದು ಶಂಕಿಸಬಹುದು. ಹೊಸ ಫಿಲ್ಟರ್ ಹಾಕಿದ ಕೆಲವೇ ದಿನಗಳಲ್ಲಿ ಮತ್ತೆ ಕಟ್ಟಿಕೊಂಡರೆ ಫಿಲ್ಟರನ್ನು ದೂರಿ ಫಲವಿಲ್ಲ, ಟ್ಯಾಂಕನ್ನೇ ತೊಳೆಯಬೇಕು.

ಮೊದಲ ಪ್ರಶ್ನೆ: ಹೊಗೆ ಬರುತ್ತಿದೆಯೇ?

ಎಂಜಿನ್ ಸ್ಟಾರ್ಟ್ ಆಗದಿದ್ದಾಗ ಕೈಗೆ ಸಿಕ್ಕ ನಟ್ಟನ್ನೆಲ್ಲ ಬಿಚ್ಚುವುದು ತಪ್ಪು ಕ್ರಮ. ಮೊದಲು ಮಾಡಬೇಕಾದದ್ದು ಒಬ್ಬರು ಹ್ಯಾಂಡಲ್ ತಿರುಗಿಸುವಾಗ ಅಥವಾ ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಸೈಲೆನ್ಸರ್ ಬಾಯಿಯನ್ನು ಗಮನಿಸುವುದು.

ಹೊಗೆ ಸುಳಿವೂ ಇಲ್ಲದಿದ್ದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿಲ್ಲ ಎಂದರ್ಥ. ಹುಡುಕಾಟ ಟ್ಯಾಂಕಿನಿಂದ ಆರಂಭವಾಗಬೇಕು. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ತಲುಪುತ್ತಿದೆ, ಆದರೆ ಸರಿಯಾಗಿ ಉರಿಯುತ್ತಿಲ್ಲ. ಕೊರೆಯುವ ಚಳಿ, ಡೀಸೆಲ್‌ನಲ್ಲಿ ಬೆರೆತ ನೀರು, ಹನಿ ತೊಟ್ಟಿಕ್ಕುವ ನಾಝಲ್, ಸವೆದ ಪಿಸ್ಟನ್ ರಿಂಗ್ ಇವುಗಳಲ್ಲಿ ಒಂದು ಕಾರಣ. ಈ ಒಂದೇ ಪರೀಕ್ಷೆ ಅರ್ಧ ದಿನದ ವ್ಯರ್ಥ ಶ್ರಮ ಉಳಿಸುತ್ತದೆ.

ಎಂಜಿನ್ ಓಡುತ್ತಿರುವಾಗಲೂ ಹೊಗೆಯ ಬಣ್ಣ ಮಾತನಾಡುತ್ತದೆ. ಕಪ್ಪು ಹೊಗೆ ಎಂದರೆ ಇಂಧನ ಹೆಚ್ಚು, ಗಾಳಿ ಕಡಿಮೆ. ಏರ್ ಕ್ಲೀನರ್ ಕಟ್ಟಿಕೊಂಡಿರಬಹುದು, ಹೊರೆ ಮಿತಿಮೀರಿರಬಹುದು ಅಥವಾ ನಾಝಲ್ ಮಂಜಿನಂತೆ ಸಿಂಪಡಿಸುವ ಬದಲು ಧಾರೆಯಾಗಿ ಸುರಿಯುತ್ತಿರಬಹುದು. ನೀಲಿ ಹೊಗೆಗೆ ಡೀಸೆಲ್ ಕಾರಣವಲ್ಲ. ಎಂಜಿನ್ ಆಯಿಲ್ ಉರಿಯುತ್ತಿದೆ ಎಂಬ ಸೂಚನೆ ಅದು.

ಏಳು ಹಂತಗಳ ತಪಾಸಣೆ

ಹೊಗೆ ಬಾರದೆ ಎಂಜಿನ್ ನಿಂತಿದ್ದರೆ ಕೆಳಗಿನ ಕ್ರಮವನ್ನು ಅನುಸರಿಸಬಹುದು. ಸುಲಭವಾದದ್ದು ಮೊದಲು, ಕಷ್ಟದ್ದು ಕೊನೆಗೆ ಎಂಬುದೇ ಇಲ್ಲಿನ ಸೂತ್ರ.

1. ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿದೆ? ಸೂಚಕ ಮುಳ್ಳನ್ನು ನಂಬದೆ ಶುಚಿಯಾದ ಕಡ್ಡಿ ಇಳಿಸಿ ನೋಡಬೇಕು. ಮಲೆನಾಡಿನ ಇಳಿಜಾರಿನಲ್ಲಿ ಕಾಲು ಟ್ಯಾಂಕ್ ಡೀಸೆಲ್ ಇದ್ದರೂ ಅದು ಒಂದು ಬದಿಗೆ ಸರಿದು, ಕಂಡಿಗೆ ಗಾಳಿ ಸಿಗುವ ಸಂಭವವುಂಟು.

2. ಕಾಕ್ ತೆರೆದಿದೆಯೇ, ಎಂಜಿನ್ ನಿಲ್ಲಿಸುವ ಸ್ಟಾಪ್ ಲಿವರ್ ತನ್ನ ಜಾಗಕ್ಕೆ ಮರಳಿದೆಯೇ? ತುಕ್ಕು ಹಿಡಿದ ಸ್ಟಾಪ್ ಕೇಬಲ್ ಅರ್ಧಕ್ಕೆ ಸಿಲುಕಿದರೆ ಪಂಪ್ ಡೀಸೆಲ್ ಬಿಡುವುದಿಲ್ಲ. ಕೀಲಿಯಿಂದಲೇ ನಿಲ್ಲುವ ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಇಂಧನ ತಡೆಯುವ ಸೊಲೆನಾಯ್ಡ್‌ನ ಫ್ಯೂಸನ್ನೂ ನೋಡಬೇಕು.

3. ಮುಚ್ಚಳದ ಉಸಿರುಗಂಡಿ ತೆರೆದಿದೆಯೇ? ಟ್ಯಾಂಕಿನಿಂದ ಡೀಸೆಲ್ ಇಳಿದಷ್ಟೂ ಗಾಳಿ ಒಳಬರಬೇಕು. ಕೆಸರು ಅಥವಾ ಜೇಡದ ಬಲೆಯಿಂದ ಸಣ್ಣ ರಂಧ್ರ ಮುಚ್ಚಿದರೆ ಒಳಗೆ ನಿರ್ವಾತವುಂಟಾಗಿ ಹರಿವು ನಿಲ್ಲುತ್ತದೆ. ಎಂಜಿನ್ ಹತ್ತು-ಹದಿನೈದು ನಿಮಿಷ ಚೆನ್ನಾಗಿ ಓಡಿ ನಿಂತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಸ್ಟಾರ್ಟ್ ಆಗುತ್ತಿದ್ದರೆ ಮೊದಲ ಅನುಮಾನ ಇದರ ಮೇಲೆಯೇ. ಮುಚ್ಚಳ ಸಡಿಲಿಸಿದಾಗ ಗಾಳಿ ಒಳನುಗ್ಗುವ ಸದ್ದು ಕೇಳಿಸಿದರೆ ಅನುಮಾನ ಖಚಿತ.

4. ತಳದ ಡೀಸೆಲ್ಲನ್ನು ಗಾಜಿನ ಬಾಟಲಿಗೆ ಹಿಡಿಯಬೇಕು. ಫಿಲ್ಟರಿನ ಅಡಿಯ ಡ್ರೇನ್ ತಿರುಪು ಅಥವಾ ಟ್ಯಾಂಕಿನ ಡ್ರೇನ್ ಬೋಲ್ಟ್ ಸಡಿಲಿಸಿ ಅರ್ಧ ಲೀಟರಿನಷ್ಟು ಇಳಿಸಿ, ಒಂದು ಗಂಟೆ ಅಲುಗಾಡಿಸದೆ ಇಟ್ಟರೆ ನೀರು ತಳದಲ್ಲಿ ಗೆರೆ ಕಟ್ಟಿ ನಿಲ್ಲುತ್ತದೆ. ಒಳ್ಳೆಯ ಡೀಸೆಲ್ ತಿಳಿಯಾಗಿ ಹೊಳೆಯುತ್ತದೆ. ಮಜ್ಜಿಗೆಯಂತೆ ಮಸುಕಾಗಿದ್ದರೆ ನೀರು ಬೆರೆತಿದೆ.

5. ಹರಿವು ಸಾಕಷ್ಟಿದೆಯೇ? ಕಾಕ್ ಮುಚ್ಚಿ, ಫಿಲ್ಟರಿಗೆ ಬರುವ ಕೊಳವೆಯನ್ನು ಬಿಡಿಸಿ, ಕೆಳಗೆ ಡಬ್ಬಿ ಹಿಡಿದು ಕಾಕ್ ತೆರೆಯಬೇಕು. ಮೇಲಿನ ಟ್ಯಾಂಕಿನಿಂದ ಎಡೆಬಿಡದ ಧಾರೆ ಬೀಳಬೇಕು. ಹನಿಹನಿಯಾಗಿ ಬಿದ್ದರೆ ಜಾಲರಿ ಅಥವಾ ಕಾಕ್ ಕಟ್ಟಿದೆ. ಅಲ್ಲಿ ಧಾರೆ ಚೆನ್ನಾಗಿದ್ದು, ಫಿಲ್ಟರ್ ದಾಟಿದ ಮೇಲೆ ಕ್ಷೀಣಿಸಿದರೆ ತಪ್ಪು ಫಿಲ್ಟರಿನದು. ಫೀಡ್ ಪಂಪ್ ಇರುವ ಯಂತ್ರದಲ್ಲಿ ಆ ಪಂಪಿನ ಹಿಂದೆ ಮತ್ತು ಮುಂದೆ ಇದೇ ಬಗೆಯಲ್ಲಿ ನೋಡಬೇಕು.

6. ಫಿಲ್ಟರ್ ಬದಲಿಸಬೇಕು. ಕಾಗದದ ಫಿಲ್ಟರನ್ನು ಪೆಟ್ರೋಲ್‌ನಲ್ಲಿ ತೊಳೆದು, ಗಾಳಿ ಊದಿ ಮತ್ತೆ ಹಾಕುವ ರೂಢಿಯುಂಟು. ಇದರಿಂದ ಕಾಗದದ ಸೂಕ್ಷ್ಮ ರಂಧ್ರಗಳು ಹರಿದು ಕೊಳೆ ನೇರವಾಗಿ ಪಂಪಿಗೆ ಹೋಗುತ್ತದೆ. ಕೆಲವು ನೂರು ರೂಪಾಯಿಯ ಫಿಲ್ಟರ್ ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಪಂಪ್ ಕೆಡಿಸಿಕೊಳ್ಳುವುದು ಜಾಣತನವಲ್ಲ.

7. ಗಾಳಿ ಎಲ್ಲಿಂದ ಸೇರುತ್ತಿದೆ? ಕೊಳವೆಗಳ ತುದಿ ಬಿರುಕು ಬಿಟ್ಟಿದೆಯೇ, ಕ್ಲಿಪ್ ಸಡಿಲವಾಗಿದೆಯೇ, ತಾಮ್ರದ ವಾಷರ್ ಸವೆದಿದೆಯೇ ಎಂದು ನೋಡಬೇಕು. ಫೀಡ್ ಪಂಪ್ ಇಂಧನವನ್ನು ಎಳೆದುಕೊಳ್ಳುವ ಭಾಗದಲ್ಲಿ ಸೋರಿಕೆಯಿದ್ದರೆ ಡೀಸೆಲ್ ಹೊರಗೆ ಜಿನುಗುವುದೇ ಇಲ್ಲ, ಗಾಳಿ ಮಾತ್ರ ಒಳಸೇರುತ್ತದೆ. ಆದ್ದರಿಂದ ಹೊರಗೆ ಒಣಗಿದೆ ಎಂಬ ಕಾರಣಕ್ಕೆ ಆ ಕೂಡುಗಳನ್ನು ಬಿಟ್ಟುಬಿಡಬಾರದು. ಹಳೆಯ ರಬ್ಬರ್ ಕೊಳವೆಯನ್ನು ಇಲಿ ಕಚ್ಚಿರುವುದೂ ಕೊಟ್ಟಿಗೆಯಲ್ಲಿ ಅಪರೂಪವಲ್ಲ.

ಗಾಳಿ ತೆಗೆಯುವ ಕ್ರಮ

ಡೀಸೆಲ್ ಪೂರ್ಣ ಖಾಲಿಯಾದಾಗ, ಫಿಲ್ಟರ್ ಬದಲಿಸಿದಾಗ ಅಥವಾ ಕೊಳವೆ ಬಿಡಿಸಿದಾಗ ವ್ಯವಸ್ಥೆಯೊಳಗೆ ಗಾಳಿ ಸೇರುವುದು ಸಹಜ. ದ್ರವವನ್ನು ಒತ್ತಿದರೆ ಅದು ಕುಗ್ಗದು, ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ. ಪಂಪಿನ ಒತ್ತಡವನ್ನೆಲ್ಲ ಗಾಳಿಯ ಗುಳ್ಳೆಯೇ ನುಂಗಿಬಿಡುವುದರಿಂದ ನಾಝಲ್ ತೆರೆದುಕೊಳ್ಳುವುದಿಲ್ಲ. ಇದನ್ನೇ ಮೆಕ್ಯಾನಿಕ್‌ಗಳು ಏರ್ ಹಿಡಿದಿದೆ ಎನ್ನುತ್ತಾರೆ.

ಗಾಳಿ ತೆಗೆಯುವ ಕೆಲಸ ಟ್ಯಾಂಕಿನ ಕಡೆಯಿಂದ ಆರಂಭವಾಗಿ ನಾಝಲ್ ಕಡೆಗೆ ಸಾಗಬೇಕು. ಯಂತ್ರವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಗೇರ್ ನ್ಯೂಟ್ರಲ್‌ಗೆ ತಂದು, ಟ್ಯಾಂಕ್ ಅರ್ಧಕ್ಕಿಂತ ಹೆಚ್ಚು ತುಂಬಿರುವಂತೆ ನೋಡಿಕೊಳ್ಳಬೇಕು. ತಿರುಪುಗಳ ಸುತ್ತ ಮೆತ್ತಿದ ಕೆಸರನ್ನು ಮೊದಲೇ ಒರೆಸಬೇಕು.

ಕಾಕ್ ತೆರೆದು ಫಿಲ್ಟರಿನ ಮೇಲ್ಭಾಗದ ಬ್ಲೀಡ್ ತಿರುಪನ್ನು ಒಂದೆರಡು ಸುತ್ತು ಸಡಿಲಿಸಿದರೆ ನೊರೆಯೊಂದಿಗೆ ಡೀಸೆಲ್ ಹೊರಬರುತ್ತದೆ. ಗುಳ್ಳೆ ನಿಂತು ಶುದ್ಧ ಧಾರೆ ಬಂದ ಮೇಲೆ, ಧಾರೆ ಹರಿಯುತ್ತಿರುವಾಗಲೇ ಬಿಗಿ ಮಾಡಬೇಕು. ಫೀಡ್ ಪಂಪ್ ಇದ್ದಲ್ಲಿ ಅದರ ಕೈ ಲಿವರನ್ನು ಒತ್ತುತ್ತಿರಬೇಕು. ಆನಂತರ ಇಂಜೆಕ್ಷನ್ ಪಂಪಿನ ಬ್ಲೀಡ್ ತಿರುಪಿಗೂ ಇದೇ ಉಪಚಾರ. ಬಹುಪಾಲು ಯಂತ್ರಗಳು ಇಷ್ಟಕ್ಕೇ ಸ್ಟಾರ್ಟ್ ಆಗುತ್ತವೆ.

ಆಗದಿದ್ದರೆ ಕೊನೆಯ ಹಂತ. ಉಕ್ಕಿನ ಪೈಪು ನಾಝಲ್‌ಗೆ ಸೇರುವ ನಟ್ಟನ್ನು ಅರ್ಧದಿಂದ ಒಂದು ಸುತ್ತು ಮಾತ್ರ ಸಡಿಲಿಸಿ, ಮೇಲೆ ಬಟ್ಟೆ ಮುಚ್ಚಿ, ಆಕ್ಸಿಲರೇಟರ್ ಲಿವರನ್ನು ಮುಂದಕ್ಕಿಟ್ಟು ಎಂಜಿನ್ ತಿರುಗಿಸಬೇಕು. ಮುಖ ಮತ್ತು ಕೈ ದೂರವಿರಬೇಕು. ಗುಳ್ಳೆಯಿಲ್ಲದೆ ಡೀಸೆಲ್ ಚಿಮ್ಮತೊಡಗಿದಾಗ ತಿರುಗಿಸುವುದನ್ನು ನಿಲ್ಲಿಸಿ ನಟ್ಟು ಬಿಗಿಮಾಡಬೇಕು. ಟಿಲ್ಲರ್‌ಗಳಲ್ಲಿ ಡಿಕಂಪ್ರೆಷನ್ ಲಿವರ್ ಎತ್ತಿ ಹಿಡಿದು ಹ್ಯಾಂಡಲ್ ತಿರುಗಿಸಿದಾಗ ನಾಝಲ್‌ನಿಂದ ಕಿರ್ ಎಂಬ ಸದ್ದು ಕೇಳಿಸಿದರೆ ಸಿಂಪಡಣೆ ಆಗುತ್ತಿದೆ ಎಂದು ತಿಳಿಯಬಹುದು.

ಸೆಲ್ಫ್ ಮೋಟಾರನ್ನು ಒಮ್ಮೆಗೆ ಹತ್ತು-ಹದಿನೈದು ಸೆಕೆಂಡಿಗಿಂತ ಹೆಚ್ಚು ಓಡಿಸಬಾರದು. ನಡುವೆ ಒಂದು ನಿಮಿಷ ಬಿಡುವು ಕೊಡಬೇಕು. ಇಲ್ಲವಾದರೆ ಡೀಸೆಲ್ ತೊಂದರೆಯ ಜೊತೆಗೆ ಬ್ಯಾಟರಿ ಮತ್ತು ಮೋಟಾರಿನ ತೊಂದರೆಯೂ ಸೇರಿಕೊಳ್ಳುತ್ತದೆ. ಹ್ಯಾಂಡಲ್ ತಿರುಗಿಸುವವರು ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟುಕೊಳ್ಳಬೇಕು. ಎಂಜಿನ್ ಹಿಮ್ಮುಖವಾಗಿ ಒದ್ದರೆ ಮುಂಗೈ ಮೂಳೆ ಮುರಿಯುವ ಅಪಾಯವಿದೆ.

ಲಕ್ಷಣ ಮತ್ತು ಕಾರಣ

ಸ್ಟಾರ್ಟ್ ಆಗಿ ಕೂಡಲೇ ನಿಲ್ಲುತ್ತದೆ: ವ್ಯವಸ್ಥೆಯಲ್ಲಿ ಗಾಳಿ, ಮುಚ್ಚಿದ ಕಾಕ್, ಕಟ್ಟಿದ ಜಾಲರಿ.

ಖಾಲಿ ಓಡುವಾಗ ಚೆನ್ನಾಗಿದೆ, ನೇಗಿಲು ನೆಲಕ್ಕಿಳಿಸಿದರೆ ಸೊರಗುತ್ತದೆ: ಫಿಲ್ಟರ್ ಅರ್ಧ ಕಟ್ಟಿದೆ, ಫೀಡ್ ಪಂಪ್ ದುರ್ಬಲವಾಗಿದೆ ಅಥವಾ ಏರ್ ಕ್ಲೀನರ್ ಕಟ್ಟಿದೆ.

ವೇಗ ತಾನಾಗಿ ಏರಿಳಿಯುತ್ತದೆ: ಸಣ್ಣ ಪ್ರಮಾಣದ ಗಾಳಿ, ಡೀಸೆಲ್‌ನಲ್ಲಿ ನೀರು. ಎರಡೂ ಇಲ್ಲವಾದರೆ ಗವರ್ನರ್ ದೋಷ.

ಬೆಳಿಗ್ಗೆ ಮಾತ್ರ ಸ್ಟಾರ್ಟ್ ಆಗಲು ಹಟ: ರಾತ್ರಿಯಿಡೀ ಸೋರಿ ಡೀಸೆಲ್ ಟ್ಯಾಂಕಿಗೆ ಹಿಂದಿರುಗಿದೆ, ಅಥವಾ ಬಿಸಿ ಮಾಡುವ ಗ್ಲೋ ಪ್ಲಗ್ ಇರುವ ಯಂತ್ರದಲ್ಲಿ ಅದು ಸುಟ್ಟಿದೆ.

ಕಪ್ಪು ಹೊಗೆಯೊಂದಿಗೆ ಕಟಕಟ ಸದ್ದು: ನಾಝಲ್ ಕೆಟ್ಟಿದೆ. ಇದನ್ನು ಪರೀಕ್ಷಾ ಯಂತ್ರವಿರುವ ಡೀಸೆಲ್ ಪಂಪ್ ಅಂಗಡಿಗೇ ಒಯ್ಯಬೇಕು.

ಎಂಜಿನ್ ಆಯಿಲ್ ಮಟ್ಟ ತಾನಾಗಿ ಏರಿದೆ, ಡೀಸೆಲ್ ವಾಸನೆ ಬರುತ್ತಿದೆ: ಪಂಪ್ ಅಥವಾ ನಾಝಲ್‌ನಿಂದ ಡೀಸೆಲ್ ಸೋರಿ ಆಯಿಲ್‌ಗೆ ಸೇರುತ್ತಿದೆ. ಆಯಿಲ್ ತೆಳುವಾಗಿ ಎಂಜಿನ್ ಒಳಭಾಗವೇ ಹಾಳಾಗುವುದರಿಂದ ಯಂತ್ರವನ್ನು ತಕ್ಷಣ ನಿಲ್ಲಿಸಬೇಕು.

ಪ್ರಾಣಕ್ಕೆ ಎರವಾಗುವ ತಪ್ಪುಗಳು

ಉಕ್ಕಿನ ಪೈಪಿನ ಸೋರಿಕೆಯನ್ನು ಎಂದಿಗೂ ಬೆರಳಿನಿಂದ ಮುಟ್ಟಿ ನೋಡಬಾರದು. ಕಣ್ಣಿಗೆ ಕಾಣದಷ್ಟು ಸಣ್ಣ ಧಾರೆ ಚರ್ಮವನ್ನು ಸೂಜಿಯಂತೆ ಭೇದಿಸಿ ಡೀಸೆಲ್ಲನ್ನು ಮಾಂಸದೊಳಕ್ಕೆ ಹೊಗಿಸಬಲ್ಲದು. ಮೊದಲು ಸೊಳ್ಳೆ ಕಚ್ಚಿದಷ್ಟು ಗುರುತು ಮಾತ್ರ ಕಾಣಬಹುದು, ನೋವೂ ಕಡಿಮೆಯಿರಬಹುದು. ಆದರೆ ಒಳಗಿನ ಅಂಗಾಂಶ ಕೊಳೆತು ಬೆರಳನ್ನೇ ತೆಗೆಯಬೇಕಾದ ಸ್ಥಿತಿ ಬರಬಹುದು. ಇಂಥ ಗಾಯವಾದರೆ ಮನೆಮದ್ದು ಮಾಡುತ್ತ ಕೂರದೆ, ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಕೂಡಲೇ ಹೋಗಿ, ಅಧಿಕ ಒತ್ತಡದ ಡೀಸೆಲ್ ಚರ್ಮದೊಳಕ್ಕೆ ಹೊಕ್ಕಿದೆ ಎಂದು ಸ್ಪಷ್ಟವಾಗಿ ಹೇಳಬೇಕು. ಸೋರಿಕೆ ಪತ್ತೆಗೆ ರಟ್ಟಿನ ತುಂಡು ಹಿಡಿದು ನೋಡುವುದೇ ಸುರಕ್ಷಿತ ಮಾರ್ಗ.

ಎರಡನೆಯ ತಪ್ಪು, ಸ್ಟಾರ್ಟ್ ಆಗದ ಎಂಜಿನ್‌ನ ಗಾಳಿ ದಾರಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು ಅಥವಾ ಈಥರ್ ಸ್ಪ್ರೇ ಹೊಡೆಯುವುದು. ಗ್ಲೋ ಪ್ಲಗ್ ಇರುವ ಎಂಜಿನ್‌ನಲ್ಲಿ ಇದು ಸ್ಫೋಟಕ್ಕೆ ಆಹ್ವಾನ. ಪಿಸ್ಟನ್ ಒಡೆಯಬಹುದು, ಬೆಂಕಿ ಮುಖಕ್ಕೆ ಹಾಯಬಹುದು.

ಮೂರನೆಯದು, ಮುಚ್ಚಿದ ಕೊಟ್ಟಿಗೆಯೊಳಗೆ ಎಂಜಿನ್ ಓಡಿಸಿ ಪರೀಕ್ಷಿಸುವುದು. ಹೊರಗೆ ಮಳೆ ಸುರಿಯುತ್ತಿದ್ದರೂ ಬಾಗಿಲು ತೆರೆದಿರಬೇಕು, ಹೊಗೆಯಲ್ಲಿ ವಿಷಾನಿಲವಿದೆ. ಒಣಹುಲ್ಲು, ಅಡಿಕೆ ಸಿಪ್ಪೆ ಪಕ್ಕದಲ್ಲಿದ್ದರೆ ಅಲ್ಲಿ ಡೀಸೆಲ್ ಕೆಲಸವೇ ಬೇಡ.

ಡೀಸೆಲ್ ಖರೀದಿ ಮತ್ತು ಸಂಗ್ರಹ

ದೇಶದಾದ್ಯಂತ 2020ರ ಏಪ್ರಿಲ್ 1ರಿಂದ ಬಿ.ಎಸ್-6 ಡೀಸೆಲ್ ಮಾರಾಟವಾಗುತ್ತಿದೆ. ಇದರಲ್ಲಿ ಗಂಧಕದ ಪ್ರಮಾಣ ಹತ್ತು ಲಕ್ಷಕ್ಕೆ 10 ಭಾಗ ಮಾತ್ರ, ಹಿಂದಿನ ಬಿ.ಎಸ್-4ರಲ್ಲಿ 50 ಭಾಗವಿತ್ತು. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್‌ನ ಸಹಜ ಜಾರುಗುಣ ಕುಂದುವುದರಿಂದ ಶುದ್ಧೀಕರಣಾಗಾರದಲ್ಲೇ ಅದಕ್ಕೆ ಪೂರಕ ದ್ರವ್ಯ ಸೇರಿಸುತ್ತಾರೆ. ಹೀಗಾಗಿ ಹಳೆಯ ಟಿಲ್ಲರ್‌ಗೂ ಇದನ್ನು ನಿರಾತಂಕವಾಗಿ ಬಳಸಬಹುದು. ಆದರೆ ಸೀಮೆಎಣ್ಣೆ ಅಥವಾ ಪೆಟ್ರೋಲ್ ಬೆರೆಸಿದರೆ ಆ ಜಾರುಗುಣ ನಾಶವಾಗಿ ಪಂಪ್ ಸವೆಯುತ್ತದೆ. ತಪ್ಪಿ ಪೆಟ್ರೋಲ್ ಸುರಿದಿದ್ದರೆ ಎಂಜಿನ್ ಸ್ಟಾರ್ಟ್ ಮಾಡದೆ ಟ್ಯಾಂಕ್ ಖಾಲಿ ಮಾಡಬೇಕು.

ಬಂಕಿನಲ್ಲಿ ಅನುಮಾನ ಬಂದರೆ ಡೀಸೆಲ್‌ನ ಸಾಂದ್ರತೆ ಪರೀಕ್ಷಿಸಿ ತೋರಿಸುವಂತೆ, ಐದು ಲೀಟರ್ ಅಳತೆಪಾತ್ರೆಯಲ್ಲಿ ಅಳೆದು ತೋರಿಸುವಂತೆ ಕೇಳುವ ಹಕ್ಕು ಗ್ರಾಹಕರಿಗಿದೆ. ಟ್ಯಾಂಕರ್ ಆಗಷ್ಟೇ ಬಂದು ಡೀಸೆಲ್ ಇಳಿಸುತ್ತಿರುವ ಹೊತ್ತಿನಲ್ಲಿ ಖರೀದಿಸದಿರುವುದು ಒಳಿತು. ನೆಲದಡಿಯ ಟ್ಯಾಂಕಿನ ಕೆಸರು ಆಗ ಕದಡಿರುತ್ತದೆ.

ಕ್ಯಾನಿನಲ್ಲಿ ತಂದ ಡೀಸೆಲ್ಲನ್ನು ಒಂದು ರಾತ್ರಿ ಹಾಗೇ ಇಟ್ಟು, ತಳದ ಒಂದೆರಡು ಇಂಚು ಬಿಟ್ಟು, ದಟ್ಟ ಹೆಣಿಗೆಯ ಬಟ್ಟೆ ಅಥವಾ ಸೂಕ್ಷ್ಮ ಜಾಲರಿಯ ಆಲಿಕೆಯಲ್ಲಿ ಸೋಸಿ ಹಾಕುವ ಪದ್ಧತಿ ಹಳೆಯದಾದರೂ ಅತ್ಯುತ್ತಮ. ಸತುವಿನ ಲೇಪವಿರುವ ಡಬ್ಬಿ ಬೇಡ. ಸತು ಡೀಸೆಲ್‌ನೊಂದಿಗೆ ಪ್ರತಿಕ್ರಿಯಿಸಿ ಫಿಲ್ಟರ್ ಕಟ್ಟುವ ಮಡ್ಡಿ ಉಂಟುಮಾಡುತ್ತದೆ. ಕ್ಯಾನನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಬಿಸಿಲು-ಮಳೆ ತಾಗದ ಕಡೆ ಇಟ್ಟರೆ ಡೀಸೆಲ್ ಆರು ತಿಂಗಳವರೆಗೆ ಕೆಡದು.

ಟ್ಯಾಂಕಿನಿಂದ ಇಳಿಸಿದ ಕೊಳೆ ಡೀಸೆಲ್ಲನ್ನು ತೋಟದ ಕಾಲುವೆಗೆ ಚೆಲ್ಲುವುದು ದೊಡ್ಡ ಅಪರಾಧ. ಕುಮುದ್ವತಿ ನದಿ ಹುಟ್ಟುವುದು ಹುಂಚದ ಸಮೀಪದ ಬಿಲ್ಲೇಶ್ವರ ಬೆಟ್ಟದಲ್ಲಿ. ಶರಾವತಿಯ ಮೂಲ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥ. ಇಲ್ಲಿನ ತೋಟದ ಕಾಲುವೆಗಳೆಲ್ಲ ಕೊನೆಗೆ ಯಾವುದೋ ಹಳ್ಳವನ್ನು, ಯಾರದೋ ಕುಡಿಯುವ ನೀರನ್ನು ಸೇರುತ್ತವೆ. ಕೊಳೆ ಡೀಸೆಲ್ಲನ್ನು ಮುಚ್ಚಳದ ಡಬ್ಬಿಯಲ್ಲಿ ಕೂಡಿಟ್ಟು, ಹಳೆಯ ಆಯಿಲ್ ಕೊಳ್ಳುವ ಗ್ಯಾರೇಜಿಗೆ ಕೊಡಬೇಕು.

ವರ್ಷದ ಮೂರು ಕೆಲಸ

ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುನ್ನ: ಟ್ಯಾಂಕಿನ ತಳದ ನೀರು ತೆಗೆದು, ಜಾಲರಿ ತೊಳೆದು, ಡೀಸೆಲ್ ಫಿಲ್ಟರ್ ಬದಲಿಸಿ, ಎಣ್ಣೆ ತುಂಬುವ ಬಗೆಯ ಏರ್ ಕ್ಲೀನರ್ ಆದರೆ ಅದರ ಆಯಿಲ್ ಹೊಸದು ಹಾಕಬೇಕು. ಎಂಜಿನ್ ಅರ್ಧ ಗಂಟೆ ಓಡಿಸಿ ನೋಡಬೇಕು. ತೊಂದರೆಯಿದ್ದರೆ ಮೆಕ್ಯಾನಿಕ್‌ಗೆ ಬಿಡುವಿರುವುದೂ ಆಗಲೇ.

ಮಳೆಗಾಲದಲ್ಲಿ: ಪ್ರತಿದಿನ ಕೆಲಸ ಮುಗಿಸಿದ ಮೇಲೆ ಟ್ಯಾಂಕ್ ತುಂಬಿಸಿಡಬೇಕು. ತುಂಬಿದ ಟ್ಯಾಂಕಿನಲ್ಲಿ ತೇವದ ಗಾಳಿಗೆ ಜಾಗವಿಲ್ಲ. ವಾರಕ್ಕೊಮ್ಮೆ ಫಿಲ್ಟರಿನ ತಳದಿಂದ ಸ್ವಲ್ಪ ಡೀಸೆಲ್ ಬಾಟಲಿಗೆ ಇಳಿಸಿ ನೀರಿದೆಯೇ ಎಂದು ನೋಡಬೇಕು.

ಯಂತ್ರ ತಿಂಗಳುಗಟ್ಟಲೆ ನಿಲ್ಲುವುದಿದ್ದರೆ: ಟ್ಯಾಂಕ್ ಪೂರ್ತಿ ತುಂಬಿಸಿ, ಕಾಕ್ ಮುಚ್ಚಿ, ಸೈಲೆನ್ಸರ್ ಬಾಯಿಗೆ ಡಬ್ಬಿ ಕವುಚಿ ಇಡಬೇಕು. ಹದಿನೈದು ದಿನಕ್ಕೊಮ್ಮೆ ಹತ್ತಿಪ್ಪತ್ತು ನಿಮಿಷ, ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸುವಂತೆ ಊರಿನವರಿಗೆ ಹೇಳಿಡಬೇಕು.

ಇಷ್ಟಾಗಿಯೂ ಯಂತ್ರ ಕೈಕೊಟ್ಟರೆ, ಹಂಗಾಮು ತಪ್ಪದಿರಲು ರಾಜ್ಯ ಸರ್ಕಾರ 2014-15ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆ ಯೋಜನೆಯ ಬಾಡಿಗೆ ಕೇಂದ್ರಗಳನ್ನು ಹೋಬಳಿ ಮಟ್ಟದಲ್ಲಿ ವಿಚಾರಿಸಬಹುದು. ಪಂಪ್ ಮತ್ತು ನಾಝಲ್ ಒಳಭಾಗವನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು. ಅದು ಪರಿಣತರ ಕೆಲಸ.

ಊರಿನಿಂದ ಎಂಜಿನ್ ಸ್ಟಾರ್ಟ್ ಆಗುತ್ತಿಲ್ಲ ಎಂಬ ಕರೆ ಬಂದಾಗ ನಗರದಲ್ಲಿ ಕುಳಿತವರು ಕೇಳಬೇಕಾದ ಪ್ರಶ್ನೆಗಳು ಮೂರೇ. ಸೈಲೆನ್ಸರಿನಲ್ಲಿ ಹೊಗೆ ಬರುತ್ತಿದೆಯೇ? ಮುಚ್ಚಳ ಸಡಿಲಿಸಿ ನೋಡಿದಿರಾ? ತಳದ ಡೀಸೆಲ್ಲನ್ನು ಬಾಟಲಿಗೆ ಹಿಡಿದಿರಾ? ಈ ಮೂರಕ್ಕೆ ಸಿಗುವ ಉತ್ತರದಲ್ಲಿ ಹಲವು ಬಾರಿ ಪರಿಹಾರವೂ ಇರುತ್ತದೆ, ಮೆಕ್ಯಾನಿಕ್‌ಗಾಗಿ ಕಾಯುವ ಮೂರು ದಿನವೂ ಉಳಿಯುತ್ತದೆ.